ಪ್ರೋಟಾನ್ ಬೇಕೇ ಎಂಬುದು ನಾಲ್ಕನೇ ಪ್ರಶ್ನೆ

ಮಾನ್ಯ ಸಂಪಾದಕರೇ,

ವಿಕಿರಣ ಚಿಕಿತ್ಸೆಯ ಒಂದು ಬಗೆಯಾದ ಪ್ರೋಟಾನ್ ಚಿಕಿತ್ಸೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಒಂದೇ ವಿವರಣೆ ಕೊಡುತ್ತವೆ: ಈ ಕಿರಣ ಗಡ್ಡೆಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಆಚೆಗಿನ ಅಂಗಗಳಿಗೆ ತಾಗುವುದಿಲ್ಲ. ಹೇಳಿಕೆ ತಪ್ಪೇನಲ್ಲ. ಆದರೆ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂದು ಈಗಷ್ಟೇ ತಿಳಿದ ಮನೆಯವರು ಅದನ್ನು ಓದಿ, ಹಾರ್ಮೋನ್ ಇಂಜೆಕ್ಷನ್ (ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನನ್ನು ತಗ್ಗಿಸುವಂಥದ್ದು) ಕೂಡ ಹಾಕಿಸದೆ, ಪ್ರೋಟಾನ್ ಯಂತ್ರ ಹುಡುಕುತ್ತ ತಿಂಗಳು ಕಳೆದರೆ ನಷ್ಟ ರೋಗಿಗೇ. ಈ ಕಾಯಿಲೆಯಲ್ಲಿ ಪ್ರೋಟಾನೋ ಎಕ್ಸ್-ರೇಯೋ ಎಂಬುದು ನಾಲ್ಕನೇ ಪ್ರಶ್ನೆ. ರೋಗ ಎಲ್ಲಿಯವರೆಗೆ ಹೋಗಿದೆ, ಹಾರ್ಮೋನ್ ಚಿಕಿತ್ಸೆ ಶುರುವಾಗಿದೆಯೇ, ವಿಕಿರಣವನ್ನು ಯಾವ ಉದ್ದೇಶಕ್ಕೆ ಕೊಡುತ್ತಿದ್ದಾರೆ ಎಂಬ ಮೂರೂ ಮೊದಲು ತೀರ್ಮಾನವಾಗಬೇಕು. ವಿಕಿರಣ ಚಿಕಿತ್ಸೆಯನ್ನು ಯೋಜಿಸಿ ಕೊಡುವ ಕೆಲಸದಲ್ಲಿರುವ ನಾವು ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

‘ಮುಂದುವರಿದಿದೆ’ ಎಂಬ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ಸ್ಥಿತಿಗಳಿವೆ. ಪ್ರಾಸ್ಟೇಟ್ ಗ್ರಂಥಿಯ ಹೊರಕವಚ ದಾಟಿ ವೀರ್ಯಚೀಲಕ್ಕೋ ಮೂತ್ರಕೋಶಕ್ಕೋ ರೋಗ ಚಾಚಿರುವುದು ಒಂದು. ಸೊಂಟದೊಳಗಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗಿರುವುದು ಎರಡನೆಯದು. ಮೂಳೆಯಲ್ಲಿ ಒಂದೆರಡು ಕಡೆ ಮಾತ್ರ ಕಾಣಿಸಿಕೊಂಡಿರುವುದು ಮೂರನೆಯದು. ಹಲವು ಮೂಳೆಗಳಿಗೆ ಅಥವಾ ಯಕೃತ್ತು, ಶ್ವಾಸಕೋಶಗಳಿಗೆ ಹಬ್ಬಿರುವುದು ನಾಲ್ಕನೆಯದು. ಮೊದಲ ಎರಡರಲ್ಲಿ ಗುಣಪಡಿಸುವ ಗುರಿಯಿಂದಲೇ ಚಿಕಿತ್ಸೆ ನಡೆಯುತ್ತದೆ. ಮೂರನೆಯದರಲ್ಲಿ ಆಯುಷ್ಯ ಹೆಚ್ಚಿಸುವ ಅವಕಾಶವಿದೆ. ನಾಲ್ಕನೆಯದರಲ್ಲಿ ಔಷಧವೇ ಮುಖ್ಯ. ವಿಕಿರಣದ ಕೆಲಸ ನೋವು, ರಕ್ತಸ್ರಾವ, ನರದ ಮೇಲಿನ ಒತ್ತಡ ಇಳಿಸುವುದು.

ಇದನ್ನು ಬೇರ್ಪಡಿಸಲು ಪಿಎಸ್‌ಎ (ಪ್ರಾಸ್ಟೇಟಿನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್) ಅಂಕಿಯೊಂದೇ ಸಾಲದು. ಬಯಾಪ್ಸಿಯ ಗ್ಲೀಸನ್ ಅಂಕ (ಕ್ಯಾನ್ಸರ್ ಎಷ್ಟು ಉಗ್ರ ಎಂಬುದರ ಅಳತೆ), ಸೊಂಟದ ಎಂಆರ್‌ಐ, ಅದರ ಜೊತೆ ಬೋನ್ ಸ್ಕ್ಯಾನ್ ಮತ್ತು ಸಿಟಿ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಹೊಳೆಯುವಂತೆ ತೋರಿಸುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬೇಕು. 2020ರಲ್ಲಿ ಪ್ರಕಟವಾದ ಪ್ರೋಪಿಎಸ್‌ಎಂಎ ಎಂಬ ಅಧ್ಯಯನದಲ್ಲಿ 302 ರೋಗಿಗಳನ್ನು ಪರೀಕ್ಷಿಸಿದಾಗ ಪೆಟ್ ಸ್ಕ್ಯಾನಿನ ನಿಖರತೆ ಶೇ 92, ಹಳೆಯ ಸ್ಕ್ಯಾನ್‌ಗಳದ್ದು ಶೇ 65 ಎಂದು ಕಂಡುಬಂತು. ಹಾಗೆಂದು ಪೆಟ್‌ನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಪಕ್ಕೆಲುಬಿನಲ್ಲಿ ಒಂದೇ ಒಂದು ಮಸುಕಾದ ಚುಕ್ಕೆ ಕಂಡರೆ ಅದು ಹಳೆಯ ಏಟಿನ ಗುರುತೂ ಆಗಿರಬಹುದು. ಅಂಥ ಒಂದು ಚುಕ್ಕೆಯನ್ನು ನಂಬಿ, ಗುಣಪಡಿಸಬಹುದಾದ ರೋಗಿಯನ್ನು ‘ಮೂಳೆಗೆ ಹೋಗಿದೆ’ ಎಂಬ ಪಟ್ಟಿಗೆ ಸೇರಿಸುವುದು ದೊಡ್ಡ ತಪ್ಪು. ಆ ಜಾಗದ ಸಿಟಿ ಚಿತ್ರವನ್ನು ಮತ್ತೊಮ್ಮೆ ನೋಡಿಸಿ, ಸಂಶಯ ಉಳಿದರೆ ಎಂಆರ್‌ಐ ಅಥವಾ ಅಲ್ಲಿಂದಲೇ ಬಯಾಪ್ಸಿ ಮಾಡಿಸುವುದು ಒಳ್ಳೆಯದು.

ಎರಡನೇ ಪ್ರಶ್ನೆ ಔಷಧದ್ದು. ಪ್ರಾಸ್ಟೇಟ್ ಕ್ಯಾನ್ಸರ್ ಟೆಸ್ಟೋಸ್ಟೆರಾನ್ ಮೇಲೆ ಬದುಕುವ ರೋಗ. ಮುಂದುವರಿದ ಹಂತದಲ್ಲಿ ಅದನ್ನು ತಗ್ಗಿಸದೆ ಕೊಡುವ ವಿಕಿರಣ ಅರೆಬರೆ ಚಿಕಿತ್ಸೆ. ಯಾವ ಯಂತ್ರ ಎಂಬುದು ತೀರ್ಮಾನವಾಗುವ ತನಕ ಇಂಜೆಕ್ಷನ್ ಕಾಯಬೇಕಿಲ್ಲ. ಹಾರ್ಮೋನ್ ಚಿಕಿತ್ಸೆ ಶುರು ಮಾಡಿ ಎರಡು-ಮೂರು ತಿಂಗಳಾದ ಮೇಲೆ ವಿಕಿರಣ ಆರಂಭಿಸುವುದು ವಾಡಿಕೆಯಲ್ಲಿರುವ ಕ್ರಮವೇ. ಅಷ್ಟರಲ್ಲಿ ಗ್ರಂಥಿಯೂ ಕುಗ್ಗಿರುತ್ತದೆ, ಯೋಚಿಸಲು ಸಮಯವೂ ಸಿಗುತ್ತದೆ. ಸ್ಕ್ಯಾನ್‌ಗಳನ್ನು ಮೊದಲು ಮುಗಿಸಿಕೊಂಡರೆ ಒಳಿತು. ಆದರೆ ಬೆನ್ನುನೋವಿನ ಜೊತೆ ಕಾಲು ಸೋಲುತ್ತಿದ್ದರೆ ಸ್ಕ್ಯಾನಿನ ಸರದಿಗಾಗಿ ಕಾಯುವಂತಿಲ್ಲ.

ಲ್ಯೂಪ್ರೊಲೈಡ್, ಗೋಸೆರೆಲಿನ್‌ನಂಥ ಇಂಜೆಕ್ಷನ್‌ಗಳು ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನನ್ನು ಏರಿಸಿ ಆಮೇಲೆ ಇಳಿಸುತ್ತವೆ. ಬೆನ್ನೆಲುಬಿನಲ್ಲಿ ಗಡ್ಡೆ ಇದ್ದವರಿಗೆ ಈ ಏರಿಕೆ ಅಪಾಯಕಾರಿ. ಅದನ್ನು ತಡೆಯಲು ಬೈಕಲುಟಮೈಡ್ 50 ಮಿ.ಗ್ರಾಂ ಮಾತ್ರೆಯನ್ನು ಕೆಲವು ದಿನ ಮುಂಚೆ ಶುರು ಮಾಡಿ ಮೂರ್ನಾಲ್ಕು ವಾರ ಕೊಡುತ್ತಾರೆ. ಡೆಗರೆಲಿಕ್ಸ್ ಎಂಬ ಬೇರೆ ಬಗೆಯ ಇಂಜೆಕ್ಷನ್ ಬಳಸಿದರೆ ಈ ಏರಿಕೆಯೇ ಇರುವುದಿಲ್ಲ. ಮೊದಲ ಇಂಜೆಕ್ಷನ್ ಹಾಕಿಸುವ ದಿನ ರೋಗಿ ಕೇಳಬೇಕಾದ ಪ್ರಶ್ನೆ ಇದು. ಯಾಕೋ ಯಾರೂ ಕೇಳುವುದಿಲ್ಲ.

ಈಗ ಮೂರನೆಯದಕ್ಕೆ ಬರೋಣ: ಜನ ‘ಕರೆಂಟ್ ಕೊಡಿಸುವುದು’ ಎನ್ನುವ ಈ ವಿಕಿರಣದಿಂದ ಯಾವ ಸ್ಥಿತಿಯಲ್ಲಿ ಏನು ಸಿಗುತ್ತದೆ? ಕವಚ ದಾಟಿದ, ಆದರೆ ದೂರ ಹರಡದ ರೋಗದಲ್ಲಿ ಇದಕ್ಕೆ ಗಟ್ಟಿ ಉತ್ತರವಿದೆ. 2009ರಲ್ಲಿ ಬಂದ ಎಸ್‌ಪಿಸಿಜಿ-7 ಅಧ್ಯಯನದಲ್ಲಿ ಹಾರ್ಮೋನ್ ಚಿಕಿತ್ಸೆ ಮಾತ್ರ ಪಡೆದವರ ಪೈಕಿ ಹತ್ತು ವರ್ಷಗಳಲ್ಲಿ ಶೇ 23.9ರಷ್ಟು ಜನ ಈ ಕ್ಯಾನ್ಸರ್‌ನಿಂದ ತೀರಿಕೊಂಡರೆ, ಜೊತೆಗೆ ವಿಕಿರಣ ಪಡೆದವರಲ್ಲಿ ಅದು ಶೇ 11.9. ಅರ್ಧಕ್ಕರ್ಧ ಇಳಿಕೆ. ಕೊಟ್ಟದ್ದು ಸಾಮಾನ್ಯ ಎಕ್ಸ್-ರೇ ವಿಕಿರಣ, ಅದೂ ಎಕ್ಸ್-ರೇಯನ್ನು ಗಡ್ಡೆಯ ಆಕಾರಕ್ಕೆ ಹೊಂದಿಸಿ ಕೊಡುವ ಇಂದಿನ ಐಎಂಆರ್‌ಟಿ ತಂತ್ರ ವ್ಯಾಪಕವಾಗುವ ಮುಂಚಿನದು. ಹಾರ್ಮೋನ್ ಚಿಕಿತ್ಸೆಯನ್ನು ಆರು ತಿಂಗಳಿಗೆ ನಿಲ್ಲಿಸುವುದಕ್ಕಿಂತ ಮೂರು ವರ್ಷ ಮುಂದುವರಿಸಿದರೆ ಬದುಕುಳಿಯುವವರು ಹೆಚ್ಚು ಎಂಬುದನ್ನೂ ಅದೇ ವರ್ಷದ ಇನ್ನೊಂದು ಯುರೋಪಿಯನ್ ಅಧ್ಯಯನ ತೋರಿಸಿತು. 2022ರಲ್ಲಿ ಬ್ರಿಟನ್ನಿನ ಸ್ಟ್ಯಾಂಪೀಡ್ ಗುಂಪು, ಇದೇ ಬಗೆಯ ಹೆಚ್ಚಿನ ಅಪಾಯದ ರೋಗಿಗಳಿಗೆ ಎರಡು ವರ್ಷ ಅಬಿರಾಟೆರೋನ್ (ದೇಹ ಟೆಸ್ಟೋಸ್ಟೆರಾನ್ ತಯಾರಿಸುವುದನ್ನು ಇನ್ನಷ್ಟು ತಡೆಯುವ ಮಾತ್ರೆ) ಸೇರಿಸಿದರೆ ಆರು ವರ್ಷದ ಹೊತ್ತಿಗೆ ದೂರ ಹರಡದೆ ಬದುಕಿರುವವರು ಶೇ 69ರಿಂದ ಶೇ 82ಕ್ಕೆ ಏರುತ್ತಾರೆ ಎಂದು ವರದಿ ಮಾಡಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಪಾಪ್-ಆರ್‌ಟಿ ಅಧ್ಯಯನದಲ್ಲಿ (2021, 224 ರೋಗಿಗಳು) ಗ್ರಂಥಿಯ ಜೊತೆ ಸೊಂಟದ ದುಗ್ಧಗ್ರಂಥಿಗಳಿಗೂ ವಿಕಿರಣ ಕೊಟ್ಟಾಗ, ಐದು ವರ್ಷದ ನಂತರ ಪಿಎಸ್‌ಎ ಮರುಕಳಿಸದೆ ಉಳಿದವರು ಶೇ 95. ಗ್ರಂಥಿಗಷ್ಟೇ ಕೊಟ್ಟಾಗ ಶೇ 81.2.

ಇಷ್ಟೆಲ್ಲ ಲಾಭ ಬಂದದ್ದು ಪ್ರೋಟಾನ್ ಇಲ್ಲದೆಯೇ. ಇದರ ಮೇಲೆ ಪ್ರೋಟಾನ್ ಇನ್ನೇನು ಸೇರಿಸುತ್ತದೆ ಎಂದು ಕೇಳಬೇಕು.

ಮೂಳೆಗೆ ಸ್ವಲ್ಪವೇ ಹರಡಿರುವಾಗ ಗ್ರಂಥಿಗೆ ವಿಕಿರಣ ಕೊಟ್ಟರೆ ಉಪಯೋಗವಿದೆಯೇ ಎಂಬುದನ್ನು ಸ್ಟ್ಯಾಂಪೀಡ್ 2061 ಜನರಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿತು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಆಯುಷ್ಯ ಹೆಚ್ಚಲಿಲ್ಲ. ಕಡಿಮೆ ಹರಡಿದವರಲ್ಲಿ ಮಾತ್ರ ಮೂರು ವರ್ಷಕ್ಕೆ ಬದುಕಿದ್ದವರು ಶೇ 73ರಿಂದ ಶೇ 81 ಆದರು. ‘ಕಡಿಮೆ’ ಎಂದರೆ ಇಲ್ಲಿ ಖಚಿತ ಅರ್ಥವಿದೆ. ಯಕೃತ್ತು, ಶ್ವಾಸಕೋಶಗಳಂಥ ಒಳ ಅಂಗಗಳಲ್ಲಿ ರೋಗವಿದ್ದರೆ, ಅಥವಾ ಮೂಳೆಯಲ್ಲಿ ನಾಲ್ಕು ಇಲ್ಲವೇ ಹೆಚ್ಚು ಗಡ್ಡೆಗಳಿದ್ದು ಅವುಗಳಲ್ಲಿ ಒಂದಾದರೂ ಬೆನ್ನೆಲುಬು ಮತ್ತು ಸೊಂಟದ ಮೂಳೆಯ ಹೊರಗಿದ್ದರೆ ಅದು ‘ಹೆಚ್ಚು’. ಎಣಿಸಿದ್ದು ಬೋನ್ ಸ್ಕ್ಯಾನ್ ಮತ್ತು ಸಿಟಿ, ಎಂಆರ್‌ಐಗಳಲ್ಲಿ ಕಂಡದ್ದನ್ನು, ಪೆಟ್‌ನಲ್ಲಿ ಕಂಡದ್ದನ್ನಲ್ಲ. ಪೆಟ್ ಹೆಚ್ಚು ಚುಕ್ಕೆ ತೋರಿಸಿತೆಂದು ಈ ಅವಕಾಶ ಕೈಬಿಡುವ ಮುನ್ನ ವೈದ್ಯರೊಡನೆ ಇದನ್ನು ಚರ್ಚಿಸಿ. ಆಮೇಲೆ ಬಂದ ಪೀಸ್-1 ಅಧ್ಯಯನದಲ್ಲಿ ವಿಕಿರಣದಿಂದ ಆಯುಷ್ಯದ ಲಾಭ ಸಿದ್ಧವಾಗಲಿಲ್ಲ, ಆದರೆ ಮುಂದೆ ಮೂತ್ರ ಕಟ್ಟುವಂಥ ಗಂಭೀರ ತೊಂದರೆಗಳು ಕಡಿಮೆಯಾದವು. ಅದೂ ಸಣ್ಣ ಲಾಭವಲ್ಲ.

ಸ್ಟ್ಯಾಂಪೀಡ್‌ನಲ್ಲಿ ಕೊಟ್ಟ ಪ್ರಮಾಣ ಗಮನಿಸಿ: ನಾಲ್ಕು ವಾರದಲ್ಲಿ 20 ಸಲ, ಒಟ್ಟು 55 ಗ್ರೇ (ಗ್ರೇ ಎಂದರೆ ವಿಕಿರಣ ಪ್ರಮಾಣದ ಅಳತೆ); ಇಲ್ಲವೇ ವಾರಕ್ಕೊಮ್ಮೆಯಂತೆ 6 ಸಲ, ಒಟ್ಟು 36 ಗ್ರೇ. ಗುಣಪಡಿಸಲು ಕೊಡುವ ಪ್ರಮಾಣಕ್ಕಿಂತ ಇದು ಕಡಿಮೆ, ಚಿಕಿತ್ಸೆ ನಡೆಯುವುದು ಗ್ರಂಥಿಗೆ ಮಾತ್ರ. ಪ್ರೋಟಾನ್‌ನಿಂದ ಉಳಿಸಬಹುದಾದದ್ದೇ ಇಲ್ಲಿ ಅತ್ಯಲ್ಪ. ಇದಕ್ಕಾಗಿ ಮನೆ ಬಿಟ್ಟು ದೂರ ಹೋಗಿ ಇರಬೇಕೆಂದು ನಮಗೆ ಅನಿಸುವುದಿಲ್ಲ.

ಇನ್ನು ನಾಲ್ಕನೇ ಪ್ರಶ್ನೆ. ಪ್ರೋಟಾನ್ ಕಣ ದೇಹದೊಳಗೆ ಸಾಗುತ್ತ ಸ್ವಲ್ಪ ಸ್ವಲ್ಪ ಶಕ್ತಿ ಬಿಟ್ಟು, ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ಉಳಿದದ್ದನ್ನೆಲ್ಲ ಸುರಿದು ನಿಂತುಬಿಡುತ್ತದೆ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಮೊದಲು ಸೂಚಿಸಿದವರು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್; 1990ರಲ್ಲಿ ಅಮೆರಿಕದ ಲೋಮಾ ಲಿಂಡಾದಲ್ಲಿ ಆಸ್ಪತ್ರೆಯೊಳಗೇ ಯಂತ್ರ ಬಂತು. ಎಲ್ಲಿ ನಿಲ್ಲಬೇಕೆಂಬುದನ್ನು ನಾವು ಸಿಟಿ ಚಿತ್ರ ನೋಡಿ ಲೆಕ್ಕ ಹಾಕುತ್ತೇವೆ, ಮತ್ತು ಆ ಲೆಕ್ಕದಲ್ಲಿ ಸುಮಾರು ಶೇ 3.5ರಷ್ಟು, ಅದರ ಮೇಲೆ ಒಂದರಿಂದ ಮೂರು ಮಿಲಿಮೀಟರ್ ಅನಿಶ್ಚಿತತೆ ಇಟ್ಟುಕೊಳ್ಳಬೇಕಾಗುತ್ತದೆ. ಸೊಂಟದ ಪಕ್ಕದಿಂದ ಹೋಗುವ ಕಿರಣ ಪ್ರಾಸ್ಟೇಟಿನ ಆಚೆ ಅಂಚು ತಲುಪಲು 22 ಸೆಂ.ಮೀ ಸಾಗಬೇಕು ಎಂದುಕೊಳ್ಳಿ. ಶೇ 3.5 ಎಂದರೆ 7.7 ಮಿ.ಮೀ, ಉಳಿದದ್ದು ಸೇರಿದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್.

ಪ್ರಾಸ್ಟೇಟಿಗೂ ಅದರ ಹಿಂದಿರುವ ಗುದನಾಳಕ್ಕೂ ನಡುವಿನ ಅಂತರ ಕೆಲವೇ ಮಿಲಿಮೀಟರ್. ಹೊಟ್ಟೆಯ ಕಡೆಯಿಂದ ಕಿರಣ ಬಿಟ್ಟು ಗುದನಾಳದ ಹೊಸ್ತಿಲಲ್ಲಿ ನಿಲ್ಲಿಸುತ್ತೇವೆ ಎಂದರೆ ದಾರಿಯಲ್ಲಿರುವ ಮೂತ್ರಕೋಶ ದಿನಕ್ಕೊಂದು ಗಾತ್ರದಲ್ಲಿರುತ್ತದೆ. ಲೆಕ್ಕ ತಪ್ಪಿದ ದಿನ ಪೂರ್ಣ ಪ್ರಮಾಣ ಗುದನಾಳಕ್ಕೇ ಬೀಳುತ್ತದೆ. ಅದಕ್ಕೇ ಸಾಮಾನ್ಯವಾಗಿ ಎಡ, ಬಲ ಸೊಂಟದ ಕಡೆಯಿಂದ ತೊಡೆಮೂಳೆಯ ತಲೆಯನ್ನು ಹಾದು ಕಿರಣ ಕಳಿಸುತ್ತಾರೆ. ಅಲ್ಲಿಗೆ ಗುದನಾಳವನ್ನು ಕಾಪಾಡುವುದು ಕಿರಣದ ತುದಿಯ ಕೆಲಸವಾಗಿ ಉಳಿಯುವುದಿಲ್ಲ, ಅದರ ಪಕ್ಕದ ಅಂಚಿನ ಕೆಲಸವಾಗುತ್ತದೆ. ಅಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಪ್ರೋಟಾನ್‌ಗಳು ಚದುರಿ ಆ ಅಂಚು ಮಸುಕಾಗಿರುತ್ತದೆ. ಒಳ್ಳೆಯ ಎಕ್ಸ್-ರೇ ಯೋಜನೆಯ ಅಂಚು ಅಷ್ಟೇ ಚೂಪು, ಕೆಲವೊಮ್ಮೆ ಹೆಚ್ಚು. ಸುತ್ತಲಿನ ಭಾಗಗಳಿಗೆ ಹರಡುವ ಕಡಿಮೆ ಪ್ರಮಾಣದ ವಿಕಿರಣ ಪ್ರೋಟಾನ್‌ನಲ್ಲಿ ನಿಜಕ್ಕೂ ಬಹಳ ಕಡಿಮೆ. ಆದರೆ ಗುದನಾಳದಿಂದ ರಕ್ತ ಬರಿಸುವುದು ಮುಖ್ಯವಾಗಿ ಅದರ ಮುಂಗೋಡೆಗೆ ಬೀಳುವ ಹೆಚ್ಚಿನ ಪ್ರಮಾಣ. ಅಲ್ಲಿ ಎರಡಕ್ಕೂ ವ್ಯತ್ಯಾಸ ಕಡಿಮೆ.

ಲೆಕ್ಕ ಹೇಳಿದ್ದನ್ನೇ ರೋಗಿಗಳೂ ಹೇಳಿದರು. ಅಮೆರಿಕದ ಪಾರ್ಟಿಕ್ವಾಲ್ ಅಧ್ಯಯನ 450 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪ್ರೋಟಾನ್ ಮತ್ತು ಐಎಂಆರ್‌ಟಿಗಳನ್ನು ಹೋಲಿಸಿತು. 2024ರಲ್ಲಿ ಮಂಡಿಸಿದ ಫಲಿತಾಂಶದ ಪ್ರಕಾರ ಎರಡು ವರ್ಷದ ನಂತರ ಮಲವಿಸರ್ಜನೆಯ ತೊಂದರೆಯಲ್ಲಿ ವ್ಯತ್ಯಾಸವಿಲ್ಲ. ಐದು ವರ್ಷಕ್ಕೆ ರೋಗ ಮರುಕಳಿಸದೆ ಇದ್ದವರು ಎರಡೂ ಕಡೆ ಶೇ 93ರ ಆಸುಪಾಸು. ಇವರೆಲ್ಲ ಗ್ರಂಥಿಯೊಳಗೇ ರೋಗವಿದ್ದ, ಕಡಿಮೆ ಅಥವಾ ಮಧ್ಯಮ ಅಪಾಯದವರು. ಮುಂದುವರಿದ ರೋಗಿಗಳನ್ನು ಸೇರಿಸಿರಲಿಲ್ಲ. ಹಾಗಾಗಿ ‘ಪ್ರೋಟಾನ್‌ನಿಂದ ಮುಂದುವರಿದ ಕ್ಯಾನ್ಸರ್ ಹೆಚ್ಚು ಗುಣವಾಗುತ್ತದೆ’ ಎಂಬ ಜಾಹೀರಾತಿಗೆ ಈ ಅಧ್ಯಯನದ ಆಧಾರವಿಲ್ಲ. ಒಂದು ಗ್ರೇ ಪ್ರೋಟಾನ್‌ಗೆ ಎಕ್ಸ್-ರೇಗಿಂತ ಸುಮಾರು ಶೇ 10 ಹೆಚ್ಚು ಪರಿಣಾಮವಿದೆ ಎಂದು ಹಿಡಿದು ನಾವು ಪ್ರಮಾಣವನ್ನು ಅದಕ್ಕೆ ತಕ್ಕಂತೆ ಸರಿಹೊಂದಿಸಿಯೇ ಕೊಡುತ್ತೇವೆ. ಎಂದರೆ ಗಡ್ಡೆಗೆ ಬೀಳುವ ಏಟು ಎರಡರಲ್ಲೂ ಒಂದೇ.

ಪ್ರೋಟಾನ್ ಪರವಾಗಿ ಹೇಳಬೇಕಾದ ಮಾತೂ ಇದೆ. ದುಗ್ಧಗ್ರಂಥಿಗಳನ್ನೂ ಸೇರಿಸಿ ಇಡೀ ಸೊಂಟಕ್ಕೆ ವಿಕಿರಣ ಕೊಡುವಾಗ ಸಣ್ಣಕರುಳು ಮತ್ತು ಮೂಳೆಮಜ್ಜೆಗೆ ಬೀಳುವ ಪ್ರಮಾಣ ಪ್ರೋಟಾನ್‌ನಲ್ಲಿ ಗಣನೀಯವಾಗಿ ಇಳಿಯುತ್ತದೆ. ಸೊಂಟಕ್ಕೆ ಹಿಂದೊಮ್ಮೆ ವಿಕಿರಣ ಆಗಿರುವವರು, ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಉರಿಯೂತ ಇರುವವರು, ಕಸಿ ಮಾಡಿದ ಮೂತ್ರಪಿಂಡ ಸೊಂಟದೊಳಗೇ ಕೂತಿರುವವರು: ಇವರ ವಿಷಯದಲ್ಲಿ ಪ್ರೋಟಾನ್ ಯೋಜನೆಯನ್ನು ಗಂಭೀರವಾಗಿ ನೋಡಲೇಬೇಕು. ಆದರೆ ಕರುಳು ಸುಮ್ಮನಿರುವ ಅಂಗವಲ್ಲ. ಕಿರಣದ ದಾರಿಯಲ್ಲಿ ಎರಡು ಸೆಂ.ಮೀ ಗಾತ್ರದ ಗಾಳಿಗುಳ್ಳೆ ಬಂದರೆ ಕಿರಣ ಹೆಚ್ಚುಕಡಿಮೆ ಅಷ್ಟೇ ದೂರ ಆಚೆ ಹೋಗಿ ನಿಲ್ಲುತ್ತದೆ. ಎಕ್ಸ್-ರೇಯಲ್ಲಿ ಇದೇ ಗಾಳಿಯಿಂದ ಆಗುವ ವ್ಯತ್ಯಾಸ ಅತ್ಯಲ್ಪ.

ಆದ್ದರಿಂದ ಪ್ರೋಟಾನ್ ಕೇಂದ್ರಕ್ಕೆ ಹೋದವರು ಬಾಯಿಮಾತಿನ ಭರವಸೆಗಿಂತ ಕಾಗದದ ಮೇಲಿನ ಹೋಲಿಕೆ ಕೇಳಬೇಕು. ಒಂದೇ ಸಿಟಿಯ ಮೇಲೆ, ಗಡ್ಡೆ ಮತ್ತು ಅಂಗಗಳ ಒಂದೇ ಗಡಿರೇಖೆಗಳಿಗೆ, ಪ್ರೋಟಾನ್ ಯೋಜನೆಯೊಂದು, ಎಕ್ಸ್-ರೇ ಯೋಜನೆಯೊಂದು. ಪೂರ್ಣ ಪ್ರಮಾಣದ ಚಿಕಿತ್ಸೆಯಲ್ಲಿ ಗುದನಾಳದ ಎಷ್ಟು ಭಾಗಕ್ಕೆ 70 ಗ್ರೇ ಬೀಳುತ್ತದೆ (ಶೇ 20ಕ್ಕಿಂತ ಕಡಿಮೆ ಇರಬೇಕೆಂಬುದು ಒಪ್ಪಿತ ಮಿತಿ, ಕಡಿಮೆ ದಿನಗಳಲ್ಲಿ ಮುಗಿಸುವ ಕ್ರಮವಾದರೆ ಅಂಕಿ ಬೇರೆ), ಕರುಳಿನ ಚೀಲದ (ಕರುಳು ಓಡಾಡುವ ಇಡೀ ಜಾಗದ) ಎಷ್ಟು ಘನ ಸೆಂಟಿಮೀಟರ್‌ಗೆ 45 ಗ್ರೇ ಬೀಳುತ್ತದೆ (195ರೊಳಗೆ). ಎರಡೂ ಯೋಜನೆ ಮಿತಿಯೊಳಗೇ ಇದ್ದು ವ್ಯತ್ಯಾಸ ಚೂರುಪಾರು ಎಂದಾದರೆ ಹತ್ತಿರದ ಒಳ್ಳೆಯ ಲಿನಾಕ್ (ಎಕ್ಸ್-ರೇ ವಿಕಿರಣ ಕೊಡುವ) ಯಂತ್ರವೇ ಸಾಕು. ಇನ್ನೊಂದು ಪ್ರಶ್ನೆಯನ್ನೂ ಮರೆಯಬಾರದು: ಯಂತ್ರ ಕೆಟ್ಟರೆ ಏನು ಮಾಡುತ್ತೀರಿ? ಅನೇಕ ಪ್ರೋಟಾನ್ ಕೇಂದ್ರಗಳಲ್ಲಿ ಎಲ್ಲ ಕೋಣೆಗಳಿಗೂ ಕಿರಣ ಬರುವುದು ಪ್ರೋಟಾನ್‌ಗಳಿಗೆ ವೇಗ ಕೊಡುವ ಒಂದೇ ಯಂತ್ರದಿಂದ (ಸೈಕ್ಲೋಟ್ರಾನ್). ಅದು ನಿಂತರೆ ಎಲ್ಲವೂ ನಿಂತಂತೆ. ಎಕ್ಸ್-ರೇಯ ಬದಲಿ ಯೋಜನೆ ಸಿದ್ಧವಿದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ಸಿದ್ಧತೆಯ ಹಂತದಲ್ಲೂ ಎಡವುವ ಜಾಗಗಳಿವೆ. ಗ್ರಂಥಿಯ ಸ್ಥಾನ ಗುರುತಿಸಲು ಮೂರ್ನಾಲ್ಕು ಚಿನ್ನದ ಕಣಗಳನ್ನು ಸೂಜಿಯಿಂದ ಇಡುತ್ತಾರೆ. ದಪ್ಪ ಚಿನ್ನ ಸಿಟಿ ಚಿತ್ರದಲ್ಲಿ ಗೆರೆ ಎಬ್ಬಿಸಿ ಪ್ರೋಟಾನ್ ಲೆಕ್ಕ ಕೆಡಿಸುವುದರಿಂದ ತೆಳುವಾದ ಅಥವಾ ಇಂಗಾಲದ ಗುರುತುಗಳು ಮೇಲು. ಗುದನಾಳವನ್ನು ದೂರ ತಳ್ಳಲು ನಡುವೆ ಸುಮಾರು 10 ಮಿ.ಲೀ ಜೆಲ್ ತುಂಬುವ ವಿಧಾನವಿದೆ, ಅದು ಆರು ತಿಂಗಳಲ್ಲಿ ತಾನೇ ಕರಗುತ್ತದೆ. ರೋಗ ಗ್ರಂಥಿಯ ಹಿಂಬದಿಗೆ ಚಾಚಿದ್ದರೆ ಮಾತ್ರ ಜೆಲ್ ಹಾಕಬಾರದು. ಗುದನಾಳದ ಜೊತೆ ಕ್ಯಾನ್ಸರ್ ಕೋಶಗಳೂ ಆಚೆ ತಳ್ಳಲ್ಪಟ್ಟು ಚಿಕಿತ್ಸೆಯ ವ್ಯಾಪ್ತಿಯಿಂದ ಹೊರಗುಳಿಯಬಹುದು. ಸೊಂಟದ ಕೀಲು ಬದಲಿಸಿ ಲೋಹ ಹಾಕಿಸಿಕೊಂಡವರಿಗೆ ಆ ಬದಿಯಿಂದ ಪ್ರೋಟಾನ್ ಕಳಿಸುವಂತಿಲ್ಲ. ಪೇಸ್‌ಮೇಕರ್ ಇದ್ದರೆ ಮೊದಲ ಭೇಟಿಯಲ್ಲೇ ಹೇಳಬೇಕು, ಏಕೆಂದರೆ ಪ್ರೋಟಾನ್ ಜೊತೆ ಹುಟ್ಟುವ ನ್ಯೂಟ್ರಾನ್‌ಗಳು ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್ ಅನ್ನು ಗೊಂದಲಗೊಳಿಸಬಲ್ಲವು.

ಪ್ರತಿದಿನ ಗುದನಾಳ ಖಾಲಿ, ಮೂತ್ರಕೋಶ ಹಿತವಾಗಿ ತುಂಬಿರಬೇಕು. ಕೇಂದ್ರದವರು ಹೇಳಿದಷ್ಟು ನೀರನ್ನು ಹೇಳಿದ ಹೊತ್ತಿಗೇ ಕುಡಿಯಬೇಕು. ಮೂತ್ರಕೋಶ ಖಾಲಿಯಿದ್ದರೆ ಸಣ್ಣಕರುಳು ಕೆಳಗಿಳಿದು ಕಿರಣದ ದಾರಿಗೆ ಬರುತ್ತದೆ. ಅತಿಯಾಗಿ ತುಂಬಿಕೊಂಡವರು ಮೇಜಿನ ಮೇಲೆ ಇಪ್ಪತ್ತು-ಮೂವತ್ತು ನಿಮಿಷ ಅಲುಗಾಡದೆ ಮಲಗಲಾರರು.

ಪ್ರೋಟಾನ್‌ಗೇ ವಿಶೇಷವಾದ, ಬಹಳ ಜನ ಗಮನಿಸದ ತೊಡಕು ತೂಕದ್ದು. ಹಾರ್ಮೋನ್ ಇಂಜೆಕ್ಷನ್‌ನಿಂದ ಹೊಟ್ಟೆ, ಸೊಂಟದ ಸುತ್ತ ಕೊಬ್ಬು ಕೂಡುತ್ತದೆ. ಕಿರಣ ಹೋಗುವುದು ಅದೇ ಸೊಂಟದ ಮೂಲಕ. ಅಲ್ಲಿ ಒಂದು ಸೆಂ.ಮೀ ಕೊಬ್ಬು ಬೆಳೆದರೆ ಕಿರಣ ಹತ್ತಿರ ಹತ್ತಿರ ಒಂದು ಸೆಂ.ಮೀ ಮೊದಲೇ ನಿಲ್ಲುತ್ತದೆ, ಗ್ರಂಥಿಯ ಆಚೆ ಅಂಚಿಗೆ ಪ್ರಮಾಣ ತಲುಪುವುದಿಲ್ಲ. ಆರೇಳು ವಾರ ನಡೆಯುವ ಚಿಕಿತ್ಸೆಯಲ್ಲಿ ನಡುನಡುವೆ ಸಿಟಿ ಮಾಡಿ ಲೆಕ್ಕ ಪರಿಶೀಲಿಸುತ್ತಾರೆಯೇ ಎಂದು ಕೇಳಿ. ಪ್ಯಾಂಟು ಬಿಗಿಯಾಗುತ್ತಿದೆ ಎನಿಸಿದರೆ ತಂತ್ರಜ್ಞರಿಗೆ ಹೇಳಿ. ಕ್ಷುಲ್ಲಕ ಮಾತೆಂದು ನಾವು ಎಣಿಸುವುದಿಲ್ಲ.

ಹಣದ ವಿಷಯವನ್ನೂ ಬಿಡುವಂತಿಲ್ಲ. ಕೈಯಲ್ಲಿದ್ದದ್ದನ್ನೆಲ್ಲ ಪ್ರೋಟಾನ್‌ಗೆ ಸುರಿದು, ಆಮೇಲೆ ಎರಡು-ಮೂರು ವರ್ಷದ ಇಂಜೆಕ್ಷನ್, ಮಾತ್ರೆ, ರಕ್ತಪರೀಕ್ಷೆಗಳಿಗೆ ಉಳಿಯದಿದ್ದರೆ ಚಿಕಿತ್ಸೆ ಹಿಂದುಮುಂದಾದಂತೆ. ಆಯುಷ್ಯ ಹೆಚ್ಚಿಸುತ್ತದೆಂದು ಸಿದ್ಧವಾಗಿರುವುದು ಆ ಮಾತ್ರೆಗಳೇ. ಅಬಿರಾಟೆರೋನ್ 1000 ಮಿ.ಗ್ರಾಂ ದಿನಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ, ಎಂದರೆ ಊಟವಾಗಿ ಎರಡು ಗಂಟೆಯಾದರೂ ಕಳೆದ ಮೇಲೆ, ಮುಂದಿನ ಒಂದು ಗಂಟೆ ಏನೂ ತಿನ್ನದೆ. ಜೊತೆಗೆ ವೈದ್ಯರು ಬರೆದಂತೆ ಪ್ರೆಡ್ನಿಸೋಲೋನ್. ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಯಕೃತ್ತಿನ ಪರೀಕ್ಷೆ, ರಕ್ತದೊತ್ತಡ ಮತ್ತು ಪೊಟ್ಯಾಸಿಯಂ ಮೇಲೆ ನಿಗಾ. ದೀರ್ಘಕಾಲದ ಹಾರ್ಮೋನ್ ಚಿಕಿತ್ಸೆ ಮೂಳೆ ಸವೆಸುವುದರಿಂದ ಆರಂಭದಲ್ಲೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ಪರೀಕ್ಷೆ, ದಿನಾ ನಡಿಗೆ ಮತ್ತು ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು.

ಹಲವು ಮೂಳೆಗಳಿಗೆ ಹಬ್ಬಿದವರ ವಿಷಯದಲ್ಲಿ ಮಾತು ಚಿಕ್ಕದು: ಪ್ರೋಟಾನ್ ಅವರಿಗಲ್ಲ. ಡೋಸಿಟಾಕ್ಸೆಲ್, ಅಬಿರಾಟೆರೋನ್ ಅಥವಾ ಎನ್‌ಜಲುಟಮೈಡ್, ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಒಲಾಪರಿಬ್, ಮುಂದಿನ ಹಂತದಲ್ಲಿ ರಕ್ತನಾಳಕ್ಕೆ ಕೊಡುವ ವಿಕಿರಣಶೀಲ ಔಷಧ ಲುಟೇಶಿಯಂ-177 ಪಿಎಸ್‌ಎಂಎ, ಇವು ಅವರ ದಾರಿ. ನೋವಿರುವ ಮೂಳೆಗೆ ಒಂದೇ ಸಲ ಕೊಡುವ 8 ಗ್ರೇ ಎಕ್ಸ್-ರೇ, ಹತ್ತು ದಿನ ಕೊಡುವ ಚಿಕಿತ್ಸೆಯಷ್ಟೇ ನೋವು ಇಳಿಸುತ್ತದೆ. ಮುಂದೆ ಮತ್ತೊಮ್ಮೆ ಬೇಕಾಗುವ ಸಂಭವ ಮಾತ್ರ ಹೆಚ್ಚು. ಕಾಲಿನ ಬಲ ಕುಂದಿದರೆ, ಸೊಂಟದ ಕೆಳಗೆ ಜೋಮು ಹಿಡಿದರೆ, ಮೂತ್ರ ನಿಂತುಹೋದರೆ ಅದು ಬೆನ್ನುಹುರಿ ಒತ್ತುತ್ತಿರುವ ಸೂಚನೆ. ಅಂದೇ ಆಸ್ಪತ್ರೆಗೆ ಹೋಗಿ ಡೆಕ್ಸಾಮೆಥಾಸೋನ್ ಮತ್ತು ತುರ್ತು ಎಂಆರ್‌ಐ ಆಗಬೇಕು. ಕಾಲು ಪೂರ್ತಿ ಸೋತ ಮೇಲೆ ಮರಳಿ ನಡೆಯುವವರು ಕಡಿಮೆ.

ಚಿಕಿತ್ಸೆ ಮುಗಿದವರಿಗೆ ಎರಡು ವಿಷಯ. ಹಾರ್ಮೋನ್ ನಡೆಯುತ್ತಿರುವಾಗ ಪಿಎಸ್‌ಎ ಸೊನ್ನೆಯ ಹತ್ತಿರ ಇರುವುದನ್ನು ಕಂಡು ಇದು ಪ್ರೋಟಾನ್ ಮಹಿಮೆ ಅಥವಾ ಎಕ್ಸ್-ರೇ ಮಹಿಮೆ ಎನ್ನಲಾಗದು. ಹಾರ್ಮೋನ್ ನಿಂತು ಟೆಸ್ಟೋಸ್ಟೆರಾನ್ ಮರಳಿದ ಮೇಲಿನ ಅಂಕಿಯೇ ನಿಜವಾದ ಫಲಿತಾಂಶ. ಅತಿ ಕಡಿಮೆ ಇಳಿದ ಅಂಕಿಗಿಂತ 2 ಏರಿದರೆ ಮರುಕಳಿಸಿದೆ ಎಂದು ಲೆಕ್ಕ. ಅದಕ್ಕಿಂತ ಸಣ್ಣ ಏರಿಳಿತ ತಾನಾಗಿಯೇ ಇಳಿಯುವುದೂ ಉಂಟು. ಎರಡನೆಯದು, ವಿಕಿರಣ ಮುಗಿದು ಆರು ತಿಂಗಳಿಂದ ಎರಡು ವರ್ಷದೊಳಗೆ ಮಲದಲ್ಲಿ ಸ್ವಲ್ಪ ರಕ್ತ ಕಂಡುಬಂದು ಕೊಲೊನೋಸ್ಕೋಪಿಗೆ ಹೋದರೆ, ಪ್ರಾಸ್ಟೇಟಿಗೆ ವಿಕಿರಣ ಆಗಿದೆ ಎಂದು ಆ ವೈದ್ಯರಿಗೆ ಮೊದಲೇ ಹೇಳಬೇಕು. ಗುದನಾಳದ ಮುಂಗೋಡೆಯ ಕೆಂಪು ಜಾಗದಿಂದ ಅನಗತ್ಯವಾಗಿ ಬಯಾಪ್ಸಿ ತೆಗೆದರೆ ಆ ಗಾಯ ಮಾಯದೆ ಮೂತ್ರನಾಳಕ್ಕೂ ಗುದನಾಳಕ್ಕೂ ನಡುವೆ ತೂತು ಬೀಳಬಹುದು. ಪ್ರೋಟಾನ್ ಪಡೆದವರಿಗೂ ಎಕ್ಸ್-ರೇ ಪಡೆದವರಿಗೂ ಈ ಎಚ್ಚರಿಕೆ ಒಂದೇ.

ಇಂತಿ,
ವಿಕಿರಣ ಚಿಕಿತ್ಸೆಯ ವೈದ್ಯರು ಮತ್ತು ವೈದ್ಯಕೀಯ ಭೌತವಿಜ್ಞಾನಿಗಳು